ಸರಿಯೋ ತಪ್ಪೋ, ಹೇಗೆ ಗೊತ್ತು?
(ವಿದ್ಯಾರ್ಥಿಗಳ ಸಾಮಾನ್ಯ ಜ್ಞಾನ ಸ್ಪರ್ಧೆಯ ಬಹುಮಾನ ವಿತರಣಾ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಬಹುಮಾನ ಪಡೆದವರಿಗೆ ಅಭಿನಂದನೆಗಳು. ಬಹುಮಾನ ಸಿಗದವರು ಬೇಸರ ಪಡಬೇಕಾಗಿಲ್ಲ. ಇಂದು ನಾನು ಹೇಳಲಿರುವ ವಿಷಯದಲ್ಲಿ ಗೆದ್ದವರಿಗೂ ಸೋತವರಿಗೂ ಸಮಾನ ಪಾಲಿದೆ. ಸ್ಪರ್ಧೆಯಲ್ಲಿ ‘ಸರಿ ಅಥವಾ ತಪ್ಪು ಗುರುತಿಸಿ’ ಎಂಬ ಒಂದು ವಿಭಾಗ ಇತ್ತಲ್ಲವೇ? ಎಲ್ಲರೂ ಅತ್ಯಂತ ಸುಲಭವೆಂದು ತಿಳಿಯುವ ವಿಭಾಗ ಅದು. ಅದರ ಬಗ್ಗೆಯೇ ಎರಡು ಮಾತು ಹೇಳಬೇಕೆಂದಿದ್ದೇನೆ.

ಮೊದಲು ಒಂದು ಚಿಕ್ಕ ಪರೀಕ್ಷೆ. ಪೆನ್ನು ತೆಗೆದುಕೊಳ್ಳಿ. ಎಂಟು ಹೇಳಿಕೆಗಳನ್ನು ಓದುತ್ತೇನೆ, ನೀವು ಗುರುತು ಹಾಕುತ್ತಾ ಹೋಗಿ.

1. ಚೀನಾದ ಮಹಾಗೋಡೆ ಚಂದ್ರನ ಮೇಲಿಂದ ಬರಿಗಣ್ಣಿಗೆ ಕಾಣುತ್ತದೆ.
2. ಬಾವಲಿಗಳಿಗೆ ಕಣ್ಣು ಕಾಣುವುದಿಲ್ಲ.
3. ಭೂಮಿಯು ಸೂರ್ಯನಿಗೆ ಹತ್ತಿರ ಬಂದಾಗ ನಮಗೆ ಬೇಸಿಗೆಯಾಗುತ್ತದೆ.
4. ಕರ್ನಾಟಕದ ಅತಿ ಎತ್ತರದ ಶಿಖರ ಕುದುರೆಮುಖ.
5. ಸೌರವ್ಯೂಹದಲ್ಲಿ 9 ಗ್ರಹಗಳಿವೆ.
6. ಕರ್ನಾಟಕದಲ್ಲಿ 30 ಜಿಲ್ಲೆಗಳಿವೆ.
7. ಸಂವಿಧಾನದ ಪ್ರಕಾರ ಹಿಂದಿ ಭಾರತದ ರಾಷ್ಟ್ರಭಾಷೆ.
8. ಹಾಕಿ ಭಾರತ ಸರಕಾರ ಘೋಷಿಸಿದ ರಾಷ್ಟ್ರೀಯ ಕ್ರೀಡೆ.

ನಿಮ್ಮಲ್ಲಿ ಹೆಚ್ಚಿನವರು ನಾಲ್ಕನ್ನು ಸರಿ, ನಾಲ್ಕನ್ನು ತಪ್ಪು ಎಂದು ಹಂಚಿರಬಹುದು. ಪ್ರಶ್ನೆಪತ್ರಿಕೆ ಹಾಗೆಯೇ ಇರುತ್ತದೆ ಎಂದು ನಮ್ಮ ಮನಸ್ಸು ಮೊದಲೇ ತೀರ್ಮಾನಿಸಿಬಿಡುತ್ತದೆ. ಆದರೆ ಈ ಎಂಟೂ ತಪ್ಪು. ಎಲ್ಲವೂ ಒಂದೇ ರೀತಿಯ ತಪ್ಪಲ್ಲ, ಇವುಗಳಲ್ಲಿ ಮೂರು ಬಗೆಗಳಿವೆ.

ಮೊದಲನೆಯದು, ಯಾವತ್ತೂ ನಿಜವಾಗಿರದ ಮಾತು. ಚಂದ್ರ ನಮ್ಮಿಂದ ಸುಮಾರು 3,84,000 ಕಿ.ಮೀ. ದೂರದಲ್ಲಿದ್ದಾನೆ. ಗೋಡೆಯ ಅಗಲ ಕೆಲವೇ ಮೀಟರು. ಅಷ್ಟು ದೂರದಿಂದ ಅದನ್ನು ನೋಡುವುದೆಂದರೆ ನಾಲ್ಕು ಕಿ.ಮೀ. ಆಚೆಗಿನ ಒಂದು ತಲೆಗೂದಲನ್ನು ಬರಿಗಣ್ಣಿನಿಂದ ಕಂಡಂತೆ. 2003ರಲ್ಲಿ ಚೀನಾದ ಮೊದಲ ಗಗನಯಾತ್ರಿ ಯಾಂಗ್ ಲಿವೆಯ್ ಭೂಮಿಯನ್ನು ಸುತ್ತಿ ಬಂದರು. ಚಂದ್ರನಿಗಿಂತ ಎಷ್ಟೋ ಹತ್ತಿರದ ಕಕ್ಷೆಯಿಂದಲೂ ಗೋಡೆ ತಮಗೆ ಕಾಣಲಿಲ್ಲ ಎಂದರು. ವಿಶೇಷವೇನೆಂದರೆ, ಮನುಷ್ಯ ಬಾಹ್ಯಾಕಾಶಕ್ಕೆ ಹೋಗುವ ಮೊದಲೇ ಈ ಮಾತು ಪುಸ್ತಕಗಳಲ್ಲಿ ಇತ್ತು. ಅಂದರೆ ನೋಡಿದವರು ಯಾರೂ ಇಲ್ಲದಿರುವಾಗಲೇ ‘ಕಾಣುತ್ತದೆ’ ಎಂದು ಬರೆದಾಗಿತ್ತು! ಬಾವಲಿಗಳಿಗೂ ಕಣ್ಣು ಕಾಣುತ್ತದೆ. ಹಣ್ಣು ತಿನ್ನುವ ದೊಡ್ಡ ಬಾವಲಿಗಳಂತೂ ದೃಷ್ಟಿಯನ್ನು ಚೆನ್ನಾಗಿಯೇ ಬಳಸಿಕೊಳ್ಳುತ್ತವೆ. ಇನ್ನು ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿಯ ಆರಂಭದಲ್ಲಿ, ನಮ್ಮ ಚಳಿಗಾಲದಲ್ಲಿ. ಋತುಗಳಿಗೆ ಕಾರಣ ಭೂಮಿಯ ಅಕ್ಷದ ಸುಮಾರು 23.5 ಡಿಗ್ರಿ ಓರೆ. ಕರ್ನಾಟಕದ ಅತಿ ಎತ್ತರದ ಶಿಖರ ಚಿಕ್ಕಮಗಳೂರು ಜಿಲ್ಲೆಯ ಮುಳ್ಳಯ್ಯನಗಿರಿ. ಕುದುರೆಮುಖದ ಹೆಸರು ಹೆಚ್ಚು ಪ್ರಸಿದ್ಧ, ಅಷ್ಟೆ. ಪ್ರಸಿದ್ಧಿಗೂ ಎತ್ತರಕ್ಕೂ ಸಂಬಂಧವಿಲ್ಲ.

ಎರಡನೆಯದು, ಒಂದು ಕಾಲದಲ್ಲಿ ನಿಜವಾಗಿದ್ದು ಈಗ ಅಲ್ಲದ ಮಾತು. 1930ರಲ್ಲಿ ಪ್ಲೂಟೋ ಪತ್ತೆಯಾದ ಮೇಲೆ ಗ್ರಹಗಳು ಒಂಬತ್ತು ಎಂದು ಹಲವು ತಲೆಮಾರುಗಳು ಓದಿದವು. 2006ರ ಆಗಸ್ಟ್‌ನಲ್ಲಿ ಅಂತಾರಾಷ್ಟ್ರೀಯ ಖಗೋಳ ಒಕ್ಕೂಟ ಪ್ಲೂಟೋವನ್ನು ಕುಬ್ಜ ಗ್ರಹಗಳ ಸಾಲಿಗೆ ಸೇರಿಸಿತು. ಈಗ ಗ್ರಹಗಳು ಎಂಟು. ನಮ್ಮ ಜಿಲ್ಲೆಗಳ ಲೆಕ್ಕವೂ ಹಾಗೆಯೇ. 1997ರಲ್ಲಿ ಉಡುಪಿ ಸೇರಿದಂತೆ ಏಳು ಹೊಸ ಜಿಲ್ಲೆಗಳಾಗಿ ಸಂಖ್ಯೆ 27 ಆಯಿತು. 2007ರಲ್ಲಿ ರಾಮನಗರ, ಚಿಕ್ಕಬಳ್ಳಾಪುರ ಸೇರಿ 29 ಆಯಿತು. ಆಮೇಲೆ ಯಾದಗಿರಿ ಸೇರಿ 30, 2021ರಲ್ಲಿ ವಿಜಯನಗರ ಸೇರಿ 31. ನಿಮ್ಮ ಅಣ್ಣನ ಹಳೆಯ ಗೈಡ್‌ನಲ್ಲಿ 27 ಎಂದಿದ್ದರೆ ಅದು ಸುಳ್ಳು ಬರೆದದ್ದಲ್ಲ, ಅದರ ಕಾಲ ಮುಗಿದಿದೆ.

ಮೂರನೆಯದು, ಪದದ ಅರ್ಥವನ್ನು ಸಡಿಲಗೊಳಿಸಿದ ಮಾತು. ಸಂವಿಧಾನದ 343ನೇ ವಿಧಿ ದೇವನಾಗರಿ ಲಿಪಿಯ ಹಿಂದಿಯನ್ನು ಒಕ್ಕೂಟದ ಅಧಿಕೃತ ಭಾಷೆ ಎನ್ನುತ್ತದೆ. ಯಾವ ಭಾಷೆಯನ್ನೂ ರಾಷ್ಟ್ರಭಾಷೆ ಎಂದು ಸಂವಿಧಾನ ಕರೆದಿಲ್ಲ. ಎಂಟನೇ ಅನುಸೂಚಿಯಲ್ಲಿ ಕನ್ನಡ, ಉರ್ದು, ಕೊಂಕಣಿ ಸೇರಿದಂತೆ 22 ಭಾಷೆಗಳಿವೆ. ಹಾಕಿಯ ವಿಷಯದಲ್ಲಿ 2012ರಲ್ಲಿ ಒಬ್ಬ ಶಾಲಾ ಬಾಲಕಿ ಮಾಹಿತಿ ಹಕ್ಕು ಕಾಯಿದೆಯಡಿ ಪ್ರಶ್ನೆ ಕೇಳಿದಳು. ಯಾವ ಆಟವನ್ನೂ ರಾಷ್ಟ್ರೀಯ ಕ್ರೀಡೆಯೆಂದು ಘೋಷಿಸಿಲ್ಲ ಎಂದು ಕೇಂದ್ರ ಕ್ರೀಡಾ ಸಚಿವಾಲಯ ಉತ್ತರ ಕೊಟ್ಟಿತು. ವಿದ್ಯಾರ್ಥಿಗಳೇ, ಇದನ್ನು ಗಮನಿಸಿ. ದೊಡ್ಡವರೆಲ್ಲ ಪರೀಕ್ಷೆಯಲ್ಲಿ ‘ಹಾಕಿ’ ಎಂದು ಬರೆದು ಅಂಕ ಪಡೆಯುತ್ತಿದ್ದರು. ಒಬ್ಬ ಹುಡುಗಿ ಮಾತ್ರ ‘ಹೇಗೆ ಗೊತ್ತು?’ ಎಂದು ಕೇಳಿದಳು.

ಬಂಧುಗಳೇ, ಇನ್ನೊಂದು ಲೆಕ್ಕವನ್ನು ನಿಮ್ಮ ಮುಂದಿಡುತ್ತೇನೆ. ಸರಿ-ತಪ್ಪಿನ ಹತ್ತು ಪ್ರಶ್ನೆಗಳನ್ನು ಏನೂ ಓದದ ಒಬ್ಬ ಹುಡುಗನಿಗೆ ಕೊಡಿ. ಅವನು ನಾಣ್ಯ ಚಿಮ್ಮಿ ಉತ್ತರ ಬರೆಯಲಿ. ಹತ್ತರಲ್ಲಿ ನಾಲ್ಕು ಅಥವಾ ಹೆಚ್ಚು ಸರಿಯಾಗುವ ಸಾಧ್ಯತೆ ನೂರಕ್ಕೆ ಸುಮಾರು 83. ಉತ್ತೀರ್ಣಕ್ಕೆ ನೂರಕ್ಕೆ 35 ಅಂಕ ಸಾಕೆಂದರೆ, ಏನೂ ಓದದ ನೂರು ಮಂದಿಯಲ್ಲಿ 83 ಮಂದಿ ಪಾಸು! ಹಾಗಾದರೆ ಇದು ಜ್ಞಾನದ ಪರೀಕ್ಷೆಯೇ, ನಾಣ್ಯದ ಪರೀಕ್ಷೆಯೇ?

ಊಹೆಯಿಂದ ಅಂಕ ಬರುವುದಷ್ಟೇ ಆಗಿದ್ದರೆ ನಾನು ಇಷ್ಟು ಹೇಳುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಒಂದಿದೆ. 1977ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಹ್ಯಾಶರ್, ಗೋಲ್ಡ್‌ಸ್ಟೀನ್ ಮತ್ತು ಟೊಪಿನೊ ಒಂದು ಪ್ರಯೋಗ ಮಾಡಿದರು. ವಿದ್ಯಾರ್ಥಿಗಳಿಗೆ ಸಾಮಾನ್ಯ ಜ್ಞಾನದ 60 ಹೇಳಿಕೆಗಳನ್ನು ಕೊಟ್ಟು, ಪ್ರತಿಯೊಂದೂ ಎಷ್ಟರ ಮಟ್ಟಿಗೆ ನಿಜವೆನಿಸುತ್ತದೆ ಎಂದು ಕೇಳಿದರು. ಎರಡೆರಡು ವಾರಗಳ ಅಂತರದಲ್ಲಿ ಮೂರು ಬಾರಿ ಇದು ನಡೆಯಿತು. ಪ್ರತಿ ಬಾರಿ 20 ಹೇಳಿಕೆಗಳು ಹಳೆಯವೇ, ಉಳಿದವು ಹೊಸವು. ಪುನಃ ಪುನಃ ಕೇಳಿದ ಹೇಳಿಕೆಗಳು, ಅವು ತಪ್ಪಾಗಿದ್ದರೂ, ಬಾರಿಯಿಂದ ಬಾರಿಗೆ ಹೆಚ್ಚು ನಿಜವೆನಿಸತೊಡಗಿದವು. ಯಾರೂ ಹೊಸ ಪುರಾವೆ ಕೊಟ್ಟಿರಲಿಲ್ಲ. ಕಿವಿಗೆ ಪರಿಚಯವಾದದ್ದೇ ಪುರಾವೆಯಾಯಿತು.

ನಾವು ಚೆನ್ನಾಗಿ ಓದಿದವರು, ನಮಗೆ ಹೀಗಾಗುವುದಿಲ್ಲ ಎಂದುಕೊಳ್ಳಬೇಡಿ. 2015ರಲ್ಲಿ ಲೀಸಾ ಫಾಜಿಯೊ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿದರು. ಅವರ ಒಂದು ಹೇಳಿಕೆ ಕೇಳಿದರೆ ನಿಮಗೆ ನಗು ಬಂದೀತು. ಸ್ಕಾಟ್ಲೆಂಡಿನ ಗಂಡಸರು ಉಡುವ ನೆರಿಗೆಯ ಗಿಡ್ಡ ಲಂಗಕ್ಕೆ ಸೀರೆ ಎಂದು ಹೆಸರು ಎಂಬುದು ಆ ಹೇಳಿಕೆ. ಅದರ ನಿಜವಾದ ಹೆಸರು ಕಿಲ್ಟ್. ಸರಿಯುತ್ತರ ಗೊತ್ತಿದ್ದವರೂ ಇಂತಹ ಹೇಳಿಕೆಗಳನ್ನು ಎರಡನೆಯ ಬಾರಿ ಕಂಡಾಗ, ಹೊಸದಾಗಿ ಕಂಡ ಹೇಳಿಕೆಗಳಿಗಿಂತ ಹೆಚ್ಚು ನಿಜವೆಂದು ಅಂದಾಜಿಸಿದರು. ಗೊತ್ತಿರುವುದು ಮಾತ್ರ ನಮ್ಮನ್ನು ಕಾಯುವುದಿಲ್ಲ, ಗೊತ್ತಿರುವುದನ್ನು ಆ ಕ್ಷಣದಲ್ಲಿ ನೆನಪಿಗೆ ತಂದುಕೊಳ್ಳಬೇಕು.

ಈಗ ನಮ್ಮ ಸ್ಪರ್ಧೆಗಳನ್ನು ಯೋಚಿಸಿ. ಪ್ರಶ್ನೆಪತ್ರಿಕೆಯಲ್ಲಿ ಹತ್ತು ತಪ್ಪು ಹೇಳಿಕೆಗಳನ್ನು ಅಚ್ಚು ಹಾಕಿಸುತ್ತೇವೆ. ಮಕ್ಕಳು ಓದುತ್ತಾರೆ, ಗುರುತು ಹಾಕುತ್ತಾರೆ. ನಾವು ಅಂಕ ಕೂಡಿಸಿ ಬಹುಮಾನ ಕೊಟ್ಟು ಕಳುಹಿಸುತ್ತೇವೆ. ಸರಿಯಾದ ಮಾತೇನು ಎಂದು ಹೇಳುವುದೇ ಇಲ್ಲ. ಆ ಹತ್ತು ತಪ್ಪುಗಳು ಮಕ್ಕಳ ತಲೆಯಲ್ಲಿ ಮನೆಗೆ ಹೋಗುತ್ತವೆ. ಕೆಲವು ತಿಂಗಳ ನಂತರ ‘ಎಲ್ಲೋ ಓದಿದ ನೆನಪು’ ಎಂಬ ರೂಪದಲ್ಲಿ ಹೊರಗೆ ಬರುತ್ತವೆ.

ಪುಸ್ತಕದಲ್ಲಿದೆ ಎಂದ ಮಾತ್ರಕ್ಕೆ ನಂಬುವುದೂ ಸಲ್ಲದು. ಅಮೆರಿಕದ ಫ್ರೆಡ್ ವರ್ತ್ ಎಂಬವರು ಸಾಮಾನ್ಯ ಜ್ಞಾನದ ದೊಡ್ಡ ಪುಸ್ತಕವೊಂದನ್ನು ಬರೆದಿದ್ದರು. ಯಾರಾದರೂ ನಕಲು ಮಾಡಿದರೆ ಗೊತ್ತಾಗಲಿ ಎಂದು ಬೇಕೆಂದೇ ಒಂದು ಸುಳ್ಳನ್ನು ಅದರಲ್ಲಿ ಸೇರಿಸಿದ್ದರು. ಟಿ.ವಿ. ಧಾರಾವಾಹಿಯ ಪತ್ತೇದಾರ ಕೊಲಂಬೊನ ಮೊದಲ ಹೆಸರು ಫಿಲಿಪ್ ಎಂಬುದೇ ಆ ಸುಳ್ಳು. ಮುಂದೆ ಟ್ರಿವಿಯಲ್ ಪರ್ಸ್ಯೂಟ್ ಎಂಬ ಪ್ರಸಿದ್ಧ ಪ್ರಶ್ನೋತ್ತರ ಆಟದಲ್ಲಿ ಅದೇ ಫಿಲಿಪ್ ಸರಿಯುತ್ತರವಾಗಿ ಕಾಣಿಸಿಕೊಂಡಿತು! ವರ್ತ್ 1984ರಲ್ಲಿ 30 ಕೋಟಿ ಡಾಲರ್ ಪರಿಹಾರ ಕೇಳಿ ದಾವೆ ಹೂಡಿದರು. ವಾಸ್ತವ ಸಂಗತಿಗಳು ಯಾರ ಸ್ವತ್ತೂ ಅಲ್ಲ ಎಂಬ ನೆಲೆಯಲ್ಲಿ ಅವರು ಸೋತರು. ಆದರೆ ಎಷ್ಟು ಮನೆಗಳಲ್ಲಿ ಆ ಸುಳ್ಳಿಗೆ ಅಂಕ ಸಿಕ್ಕಿತ್ತೋ! ಒಂದು ಗೈಡ್ ಇನ್ನೊಂದನ್ನು ನೋಡಿ ಬರೆದಿದ್ದರೆ, ಹತ್ತು ಗೈಡ್‌ಗಳಲ್ಲಿ ಒಂದೇ ಮಾತು ಇದ್ದರೂ ಅದು ಹತ್ತು ಸಾಕ್ಷಿಯಲ್ಲ, ಒಂದೇ ಸಾಕ್ಷಿ.

ಐ.ಎ.ಎಸ್., ಕೆ.ಎ.ಎಸ್. ಕನಸು ಕಾಣುತ್ತಿರುವ ವಿದ್ಯಾರ್ಥಿಗಳೇ, ನಿಮಗೆ ವಿಶೇಷವಾಗಿ ಹೇಳುತ್ತೇನೆ. ಕೇಂದ್ರ ಲೋಕಸೇವಾ ಆಯೋಗದ ಪ್ರಿಲಿಮಿನರಿ ಪರೀಕ್ಷೆಯಲ್ಲಿ ಅನೇಕ ಪ್ರಶ್ನೆಗಳು ‘ಈ ಕೆಳಗಿನ ಹೇಳಿಕೆಗಳನ್ನು ಪರಿಗಣಿಸಿ’ ಎಂದೇ ಆರಂಭವಾಗುತ್ತವೆ. ಅವು ಸರಿ-ತಪ್ಪಿನ ಪ್ರಶ್ನೆಗಳೇ, ಉಡುಪು ಮಾತ್ರ ಬೇರೆ. 2007ರಿಂದ ಅಲ್ಲಿ ತಪ್ಪು ಉತ್ತರಕ್ಕೆ ಮೂರನೇ ಒಂದು ಭಾಗದಷ್ಟು ಅಂಕ ಕಡಿತವಾಗುತ್ತದೆ. ಅಂದರೆ ನಾಲ್ಕು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಆರಿಸುತ್ತಾ ಹೋದರೆ ಸರಾಸರಿ ಲಾಭ ಸೊನ್ನೆ. ಮೊದಲೆಲ್ಲ ಒಂದು ಹೇಳಿಕೆ ಖಚಿತವಾಗಿ ಗೊತ್ತಿದ್ದರೆ ಎರಡು ಆಯ್ಕೆಗಳನ್ನು ಹೊಡೆದುಹಾಕಬಹುದಿತ್ತು. 2023ರಲ್ಲಿ ‘ಇವುಗಳಲ್ಲಿ ಎಷ್ಟು ಹೇಳಿಕೆಗಳು ಸರಿ?’ ಎಂಬ ರೀತಿಯ ಪ್ರಶ್ನೆಗಳು ಹೇರಳವಾಗಿ ಬಂದವು. ಅಲ್ಲಿ ಪ್ರತಿಯೊಂದು ಹೇಳಿಕೆಯೂ ಗೊತ್ತಿರಬೇಕು. ‘ಎಲ್ಲ’, ‘ಮಾತ್ರ’, ‘ಯಾವಾಗಲೂ’ ಎಂಬ ಪದ ಕಂಡರೆ ತಪ್ಪೆಂದು ಗುರುತು ಹಾಕಿ ಎಂಬ ಉಪಾಯ ಸದಾ ನಡೆಯುವುದಿಲ್ಲ. ತ್ರಿಭುಜದ ಎಲ್ಲ ಕೋನಗಳ ಮೊತ್ತ ಸಮತಲದಲ್ಲಿ ಯಾವಾಗಲೂ 180 ಡಿಗ್ರಿಯೇ!

ಪರೀಕ್ಷೆ ಒಂದು ದಿನದ ಮಾತು. ಜೀವನದಲ್ಲಿ ಸರಿ-ತಪ್ಪಿನ ಪ್ರಶ್ನೆ ಪ್ರತಿದಿನ ನಮ್ಮ ಮೊಬೈಲಿಗೆ ಬಂದು ಬೀಳುತ್ತದೆ. ಅದಕ್ಕೆ ಪ್ರಶ್ನೆ ಎಂಬ ತಲೆಬರಹ ಇರುವುದಿಲ್ಲ, ಅಷ್ಟೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಊರಿಂದೂರಿಗೆ ಹರಿಯಿತು. ಆ ವರ್ಷದ ಜುಲೈನಲ್ಲಿ ನಮ್ಮ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಇದೇ ಸುಳ್ಳನ್ನು ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದ ಒಬ್ಬ ಯುವ ಎಂಜಿನಿಯರನನ್ನು ಹೊಡೆದು ಕೊಂದಿತು. ದಾರಿಯಲ್ಲಿ ಮಕ್ಕಳಿಗೆ ಚಾಕೊಲೆಟ್ ಕೊಟ್ಟದ್ದೇ ಸಂಶಯಕ್ಕೆ ಕಾರಣವಾಯಿತೆಂದು ವರದಿಯಾಗಿತ್ತು. ಹತ್ತು ಜನರಿಂದ ಹತ್ತು ಬಾರಿ ಬಂದ ಸಂದೇಶ ನಿಜವೆನಿಸುವುದು ಹೇಗೆಂದು ಈಗಷ್ಟೇ ನೋಡಿದೆವು. ಆ ಗುಂಪಿನಲ್ಲಿ ಒಬ್ಬನಾದರೂ ನಿಂತು ‘ಹೇಗೆ ಗೊತ್ತು?’ ಎಂದು ಗಟ್ಟಿಯಾಗಿ ಕೇಳಿ, ಉಳಿದವರೂ ಅದಕ್ಕೆ ಕಿವಿಗೊಟ್ಟಿದ್ದರೆ ಒಂದು ಜೀವ ಉಳಿಯಬಹುದಿತ್ತು. ಆದ್ದರಿಂದ ಈ ಅಭ್ಯಾಸ ಬಹುಮಾನದ ಕಪ್‌ಗಿಂತ ದೊಡ್ಡದು ಎಂದು ನನ್ನ ನಂಬಿಕೆ.

ಹಾಗಾದರೆ ನಾವೇನು ಮಾಡಬಹುದು? ಕೆಲವು ಸಲಹೆಗಳನ್ನು ನಿಮ್ಮ ಮುಂದಿಡುತ್ತೇನೆ.

ವಿದ್ಯಾರ್ಥಿಗಳಿಗೆ: ‘ತಪ್ಪು’ ಎಂದು ಗುರುತು ಹಾಕಿ ಅಲ್ಲಿಗೆ ನಿಲ್ಲಬೇಡಿ. ಅದರ ಕೆಳಗೆ ಸರಿಯಾದ ವಾಕ್ಯವನ್ನು ಬರೆಯಿರಿ. ‘ಕುದುರೆಮುಖ ಅಲ್ಲ’ ಎಂದಷ್ಟೇ ಅಲ್ಲ, ‘ಮುಳ್ಳಯ್ಯನಗಿರಿ’ ಎಂದು ಬರೆಯಿರಿ. ‘ಸರಿ’ ಎಂದು ಗುರುತು ಹಾಕಿದಾಗಲೂ ಯಾಕೆ ಸರಿ ಎಂದು ಒಂದು ಸಾಲು ಬರೆಯಿರಿ. ಸಂಖ್ಯೆ ಇರುವ ಪ್ರತಿಯೊಂದು ಉತ್ತರದ ಪಕ್ಕದಲ್ಲಿ ಇಸವಿ ಹಾಕಿ. ‘31 ಜಿಲ್ಲೆಗಳು, 2021ರಿಂದ’ ಎಂದು ಬರೆದವನನ್ನು ಮುಂದಿನ ಬದಲಾವಣೆ ಮೋಸಗೊಳಿಸದು. ಸಾಧ್ಯವಾದಷ್ಟು ಮೂಲಕ್ಕೆ ಹೋಗಿ. ಸಂವಿಧಾನದ ಪ್ರಶ್ನೆಗೆ ಸಂವಿಧಾನವನ್ನೇ ತೆರೆಯಿರಿ, ಅದು ಕನ್ನಡದಲ್ಲಿಯೂ ಇದೆ.

ಶಿಕ್ಷಕರಿಗೆ ಮತ್ತು ಸ್ಪರ್ಧೆ ನಡೆಸುವ ಸಂಘದ ಕಾರ್ಯಕರ್ತರಿಗೆ: ಎರಡು ಕಾಲಂಗಳ ಬದಲು ಮೂರು ಕಾಲಂಗಳನ್ನು ಇಡಿ. ಸರಿ, ತಪ್ಪು, ಗೊತ್ತಿಲ್ಲ. ಸರಿಯುತ್ತರಕ್ಕೆ ಒಂದು ಅಂಕ ಕೊಡಿ, ತಪ್ಪು ಉತ್ತರಕ್ಕೆ ಒಂದು ಕಳೆಯಿರಿ, ‘ಗೊತ್ತಿಲ್ಲ’ ಎಂದವನಿಗೆ ಸೊನ್ನೆ. ಆಗ ನಾಣ್ಯ ಚಿಮ್ಮುವವನ ಸರಾಸರಿ ಸೊನ್ನೆಗೆ ಇಳಿಯುತ್ತದೆ. ‘ಗೊತ್ತಿಲ್ಲ’ ಎನ್ನುವುದು ಅವಮಾನವಲ್ಲ, ಪ್ರಾಮಾಣಿಕತೆ ಎಂದು ಮಕ್ಕಳು ಕಲಿಯುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಸರಿಯುತ್ತರಗಳನ್ನು ಕಾರಣ ಸಮೇತ ಓದಿ ಹೇಳದೆ ಯಾವ ಸ್ಪರ್ಧೆಯನ್ನೂ ಮುಗಿಸಬೇಡಿ. ಹತ್ತು ನಿಮಿಷ ಹೆಚ್ಚು ಹಿಡಿದೀತು. ಭಾಷಣಕಾರರ ಸಮಯದಿಂದ ಆ ಹತ್ತು ನಿಮಿಷ ಕಡಿಮೆ ಮಾಡಿದರೂ ಅಡ್ಡಿಯಿಲ್ಲ!

ಹೆತ್ತವರಿಗೆ: ಮಗು ‘ಹೇಗೆ ಗೊತ್ತು?’ ಎಂದು ಕೇಳಿದಾಗ ಎದುರು ಮಾತಾಡುತ್ತದೆ ಎಂದು ಗದರಬೇಡಿ. ಅದು ಉದ್ಧಟತನವಲ್ಲ, ಕಲಿಕೆಯ ಆರಂಭ. ಉತ್ತರ ಗೊತ್ತಿಲ್ಲದಿದ್ದರೆ ‘ಬಾ, ಒಟ್ಟಿಗೆ ಹುಡುಕೋಣ’ ಎನ್ನಿ.

ಈ ಭಾಷಣದಲ್ಲಿಯೂ ನಾನು ಅನೇಕ ಇಸವಿಗಳನ್ನು, ಸಂಖ್ಯೆಗಳನ್ನು ಹೇಳಿದ್ದೇನೆ. ವೇದಿಕೆಯ ಮೇಲಿಂದ ಹೇಳಿದರು ಎಂಬ ಕಾರಣಕ್ಕೆ ಅವುಗಳನ್ನು ನಂಬಬೇಡಿ. ನಾಳೆ ಗ್ರಂಥಾಲಯಕ್ಕೆ ಹೋಗಿ ಕನಿಷ್ಠ ಎರಡನ್ನಾದರೂ ಪರಿಶೀಲಿಸಿ. ಇದೇ ನಾನು ನಿಮಗೆ ಕೊಡುವ ಮನೆಗೆಲಸ.