ಶಾಲೆಯ ಹಿಂದಿನ ಬಂಡೆ



ಭೂಫಲಕಗಳ ಪಾಠವನ್ನು ನಾನು ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಚಿತ್ರ ತೋರಿಸಿ ಆರಂಭಿಸುತ್ತಿದ್ದೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರ್ಪಡುವಾಗ ಉಕ್ಕಿದ ಲಾವಾ ಆರಿ, ಕುಗ್ಗಿ, ಬಿರಿದು ಅಲ್ಲಿನ ಕಲ್ಲುಕಂಬಗಳಾದವು. ಭಾರತದ ಫಲಕ ಇಂದಿಗೂ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಉತ್ತರಕ್ಕೆ ಸರಿಯುತ್ತಿದೆ. ಅಂದರೆ ಈ 50 ವರ್ಷಗಳಲ್ಲಿ ನಮ್ಮ ಶಾಲೆಯೂ ಎರಡೂವರೆ ಮೀಟರಿನಷ್ಟು ಪ್ರಯಾಣ ಮಾಡಿದೆ!

ಆಮೇಲೆ ಮಕ್ಕಳನ್ನು ಶಾಲೆಯ ಹಿಂದಿನ ಪಟ್ಟೆಪಟ್ಟೆ ಬಂಡೆಗೆ ಕರೆದೊಯ್ಯುತ್ತಿದ್ದೆ. ಅದು ನೈಸ್ ಶಿಲೆ. ದಕ್ಷಿಣ ಕರ್ನಾಟಕದ ಈ ಶಿಲೆಗಳಿಗೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಈಗ ಅದನ್ನು ಜಲ್ಲಿಗೆ ಒಡೆಯುವ ಮಾತು ಕೇಳಿಬರುತ್ತಿದೆ. ಜಲ್ಲಿ ಬೇರೆಡೆ ಸಿಕ್ಕೀತು. ಮುಂದಿನ ಮಕ್ಕಳು ಮುಟ್ಟಿ ಕಲಿಯಲು ಆ ಬಂಡೆಯನ್ನು ಉಳಿಸಿಕೊಡಿ ಎಂದು ಕೇಳಿಕೊಳ್ಳುತ್ತೇನೆ.