ರೇಷ್ಮೆ ದಾರಿಯ ಪಾಠಕ್ಕೆ ಕನ್ನಡ ಬೇಡವೆ?

(ಕನ್ನಡ ಮಾಧ್ಯಮದ ಪರವಾದ ಸಭೆಯೊಂದರಲ್ಲಿ ಅಧ್ಯಾಪಕರೊಬ್ಬರು ಮಾಡಿದ ಭಾಷಣ)



ಪ್ರಾಚೀನ ಏಷ್ಯಾದ ವ್ಯಾಪಾರದ ದಾರಿಗಳಲ್ಲಿ ಧರ್ಮಗಳು ಹೇಗೆ ಹಬ್ಬಿದವು ಎಂಬುದನ್ನು ನಾನು ಎಂ.ಎ. ತರಗತಿಗೆ ಪಾಠ ಹೇಳುತ್ತೇನೆ. ಪಠ್ಯಕ್ರಮ ಇಂಗ್ಲಿಷು, ಪುಸ್ತಕಗಳೂ ಇಂಗ್ಲಿಷು. ಮೊದಲ ವಾರ ಅರ್ಧ ತರಗತಿ ತಲೆ ತಗ್ಗಿಸಿ ಕೂತಿತ್ತು. ಎರಡನೆಯ ವಾರ ಕನ್ನಡದಲ್ಲೇ ಶುರು ಮಾಡಿದೆ. ಶಿಡ್ಲಘಟ್ಟದ ಕಡೆಯ ಒಬ್ಬ ಹುಡುಗಿ, ಮನೆಯಲ್ಲಿ ರೇಷ್ಮೆ ಹುಳು ಸಾಕುವವರು, ಎದ್ದು ಕೇಳಿದಳು: "ಸಾರ್, ರೇಷ್ಮೆ ಹೊತ್ತು ಹೋಗುತ್ತಿದ್ದವರು ಯಾವ ಭಾಷೆಯಲ್ಲಿ ದೇವರನ್ನು ಬೇಡಿಕೊಳ್ಳುತ್ತಿದ್ದರು?"

ಇಂಥ ಪ್ರಶ್ನೆ ಆ ಪಠ್ಯಕ್ರಮದಲ್ಲೇ ಇಲ್ಲ!

ಉತ್ತರ ಕೇಳಿ. ಸಮರ್‌ಖಂಡದ ಸೊಗ್ದಿಯನ್ ವರ್ತಕರು ತಮ್ಮ ಭಾಷೆಯಲ್ಲೇ ಬೇಡಿಕೊಂಡರು. ಬೌದ್ಧ, ಕ್ರೈಸ್ತ, ಪ್ರವಾದಿ ಮಾನಿಯ ಪಂಥ, ಈ ಮೂರರ ಗ್ರಂಥಗಳೂ ಸೊಗ್ದಿಯನ್ ಭಾಷೆಯಲ್ಲಿ ಪಶ್ಚಿಮ ಚೀನದ ದುನ್‌ಹುವಾಂಗ್, ತುರ್ಫಾನ್‌ಗಳಲ್ಲಿ ಸಿಕ್ಕಿವೆ. ಚಾಂಗಾನ್ ನಗರದಲ್ಲಿ 781ರಲ್ಲಿ ಕ್ರೈಸ್ತರು ನಿಲ್ಲಿಸಿದ ಶಾಸನ ಸಿರಿಯಾಕ್ ಜೊತೆಗೆ ಚೀನೀ ಭಾಷೆಯಲ್ಲೂ ಇದೆ. ಸ್ಥಳೀಯರ ಮಾತು ಕಲಿಯದೆ ಯಾವ ಧರ್ಮವೂ ಆ ದಾರಿಯಲ್ಲಿ ಊರೂರಲ್ಲಿ ನೆಲೆ ನಿಲ್ಲಲಿಲ್ಲ.

ಕುಮಾರಜೀವನನ್ನೇ ನೋಡಿ. ಹುಟ್ಟಿದ್ದು ಕೂಚಾದಲ್ಲಿ, ತಂದೆ ಭಾರತದವನು, ತಾಯಿ ಅಲ್ಲಿನ ರಾಜಮನೆತನದವಳು. 401ರಲ್ಲಿ ಚಾಂಗಾನಿಗೆ ಬಂದು ಬೌದ್ಧ ಸೂತ್ರಗಳನ್ನು ಚೀನೀ ಭಾಷೆಗೆ ತಂದ. ಅವನಿಗಿಂತ ಮುಂಚಿನವರು ದಾವ್ ಪಂಥದ ಪದಗಳಲ್ಲಿ ಬುದ್ಧನ ತತ್ತ್ವ ಹೇಳಹೋಗಿ ಗೊಂದಲ ಎಬ್ಬಿಸಿದ್ದರು. ಇವನು ಶಿಷ್ಯರನ್ನು ಕೂರಿಸಿಕೊಂಡು, ಚರ್ಚಿಸಿ, ತಿದ್ದಿದ. ಅವನ ಅನುವಾದದ ವಜ್ರಚ್ಛೇದಿಕಾ ಸೂತ್ರವೇ 868ರಲ್ಲಿ ಅಚ್ಚಾಯಿತು. ತಾರೀಖು ಇರುವ ಅಚ್ಚು ಪುಸ್ತಕಗಳಲ್ಲಿ ಪೂರ್ತಿಯಾಗಿ ಉಳಿದಿರುವ ಅತ್ಯಂತ ಹಳೆಯದು ಅದು.

ಈಗ ನಮ್ಮ ಕಥೆ. ಪರೀಕ್ಷೆ ಕನ್ನಡದಲ್ಲಿ ಬರೆಯಲು ಬಿಡಿ ಎಂದು ಅರ್ಜಿ ಕೊಟ್ಟೆವು. ಈ ವಿಷಯಕ್ಕೆ ಕನ್ನಡದಲ್ಲಿ ಪರಿಭಾಷೆ ಇಲ್ಲ ಎಂದು ಮೇಲಿನವರು ಹೇಳಿಬಿಟ್ಟರು. ಕುಮಾರಜೀವನಿಗೆ ಯಾರು ಸ್ವಾಮಿ ಪರಿಭಾಷೆ ಕಟ್ಟಿಟ್ಟಿದ್ದರು? ನಿರ್ವಾಣ, ಶೂನ್ಯ, ಸಂಘ, ಇವೆಲ್ಲ ನಮ್ಮ ಅಜ್ಜಿಗೂ ಕಿವಿಗೆ ಬಿದ್ದ ಪದಗಳು. ಇಂಗ್ಲಿಷ್ ಪುಸ್ತಕವೂ ನಿರ್ವಾಣವನ್ನು ನಿರ್ವಾಣ ಎಂದೇ ಬರೆಯುತ್ತದೆ!

ಆ ಹುಡುಗಿ ಕೊನೆಗೆ ಇಂಗ್ಲಿಷಿನಲ್ಲೇ ಬರೆದಳು. ಪಾಸಾಗಲಿಲ್ಲ. ತರಗತಿಯಲ್ಲಿ ಸೊಗ್ದಿಯನ್ನರ ಬಗ್ಗೆ ಅವಳಷ್ಟು ತಿಳಿದವರು ಯಾರೂ ಇರಲಿಲ್ಲ.

ದಾರಿಯುದ್ದಕ್ಕೂ ಮೆರೆದ ಆ ಸೊಗ್ದಿಯನ್ ಕುಲದಲ್ಲಿ ಇಂದು ಉಳಿದಿರುವುದು ತಜಿಕಿಸ್ತಾನದ ಸ್ವಲ್ಪ ಜನ ಆಡುವ ಯಾಗ್ನೋಬಿ ಮಾತು ಮಾತ್ರ.

ಮತ್ತೊಂದು ಅರ್ಜಿ ಬರೆದಿದ್ದೇವೆ. ಮೊದಲ ಸಹಿ ಆ ಹುಡುಗಿಯದೇ. ಬಾಗಿಲ ಬಳಿ ಮೇಜಿನ ಮೇಲಿದೆ, ಸಹಿ ಹಾಕಿ ಹೋಗಿ.