ನೋಡಿಯೂ ಕಾಣದ್ದು



ಇಂಗ್ಲಿಷಿನ ‘ಲುಕ್’ ಮತ್ತು ‘ಸೀ’ ಒಂದೇ ಅಲ್ಲ. ನಾವಾಗಿ ಕಣ್ಣು ಹಾಯಿಸಿದರೆ ಲುಕ್, ಕಣ್ಣಿಗೆ ಬಿದ್ದರೆ ಸೀ. ನಮ್ಮ ‘ನೋಡು’, ‘ಕಾಣು’ಗಳ ನಡುವೆಯೂ ಹೆಚ್ಚುಕಡಿಮೆ ಇದೇ ಅಂತರ. ನಡೆಯುತ್ತಿರುವುದನ್ನು ಗಮನವಿಟ್ಟು ನೋಡುತ್ತಿದ್ದರೆ ‘ವಾಚ್’. ಕ್ರಿಕೆಟ್ ಪಂದ್ಯಕ್ಕೆ ಅದೇ ಸರಿ.

ಇದು ಬರೀ ವ್ಯಾಕರಣದ ಮಾತು ಎನ್ನಬೇಡಿ. 1999ರಲ್ಲಿ ಡೇನಿಯಲ್ ಸೈಮನ್ಸ್, ಕ್ರಿಸ್ಟೋಫರ್ ಶಾಬ್ರಿ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗವನ್ನು ಪ್ರಕಟಿಸಿದರು. ವಿಡಿಯೊದಲ್ಲಿ ಒಂದು ತಂಡ ಎಷ್ಟು ಬಾರಿ ಚೆಂಡು ದಾಟಿಸಿತೆಂದು ನೋಡುಗರು ಎಣಿಸಬೇಕಿತ್ತು. ನಡುವೆ ಗೊರಿಲ್ಲಾ ವೇಷದವರೊಬ್ಬರು ಹಾದುಹೋದರು. ಸುಮಾರು ಅರ್ಧದಷ್ಟು ಮಂದಿಗೆ ಅದು ಕಾಣಲೇ ಇಲ್ಲ! 2013ರ ಇನ್ನೊಂದು ಪ್ರಯೋಗ ಮತ್ತೂ ವಿಚಿತ್ರ. ಶ್ವಾಸಕೋಶದ ಸ್ಕ್ಯಾನಿನಲ್ಲಿ ಗಂಟು ಹುಡುಕುತ್ತಿದ್ದ 24 ರೇಡಿಯಾಲಜಿಸ್ಟರಲ್ಲಿ 20 ಮಂದಿ, ಅದರೊಳಗೆ ಸೇರಿಸಿದ್ದ ಗೊರಿಲ್ಲಾ ಚಿತ್ರವನ್ನು ಗುರುತಿಸಲಿಲ್ಲ. ಅವರಲ್ಲಿ ಹೆಚ್ಚಿನವರ ದೃಷ್ಟಿ ನೇರ ಅದರ ಮೇಲೇ ಹರಿದಿತ್ತು. ಅಂದರೆ ಲುಕ್ ಆಗಿತ್ತು, ಸೀ ಆಗಿರಲಿಲ್ಲ. ಪರಿಣತರ ಕಥೆಯೇ ಹೀಗೆ!

‘ಥಿಂಕ್’ ಕೂಡ ಇಬ್ಬಗೆಯದು. ‘ಐ ಥಿಂಕ್’ ಎಂದು ಹೇಳಿದರೆ ಸಾಮಾನ್ಯವಾಗಿ ಅಭಿಪ್ರಾಯ ಸಿದ್ಧವಾಗಿದೆ. ‘ಐ ಆಮ್ ಥಿಂಕಿಂಗ್’ ಎಂದರೆ ಯೋಚನೆ ಇನ್ನೂ ನಡೆದಿದೆ. ನಮ್ಮ ಟಿವಿ ಚರ್ಚೆಗಳಲ್ಲಿ ಮೊದಲನೆಯದೇ ಜಾಸ್ತಿ, ಅನುಮಾನವಿಲ್ಲ.

ಮನೆಯಲ್ಲಿ ಇಂಗ್ಲಿಷ್ ಕಲಿಯುವ ಮಕ್ಕಳಿದ್ದರೆ ಈ ಪದಗಳ ಅರ್ಥ ಬಾಯಿಪಾಠ ಮಾಡಿಸಬೇಡಿ, ವಾಕ್ಯದಲ್ಲಿಟ್ಟು ಆಡಿಸಿ.